ಎರಡೂ ಕಡೆ ಹಸಿರು ದೀಪ

ಸಂಜೆ ನಾಲ್ಕೂ ಕಾಲು. ಶಾಲೆಯಲ್ಲಿ ಪೋಷಕರ ಸಭೆಗೆ ಇನ್ನು ಹದಿನೈದು ನಿಮಿಷ ಇತ್ತು. ಆರನೇ ತರಗತಿಗೆ ಕಂಪ್ಯೂಟರ್ ಪಾಠ ಇರಬೇಕೋ, ಆ ಹೊತ್ತನ್ನೂ ಗಣಿತಕ್ಕೆ ಕೊಡಬೇಕೋ ಎಂದು ಕೈಯೆತ್ತಿ ತೀರ್ಮಾನಿಸುವ ಸಭೆ.

ಆ ತರಗತಿಯ ಹುಡುಗಿಯೊಬ್ಬಳ ಅಪ್ಪ, ಬಸ್ ಚಾಲಕ, ಸಮವಸ್ತ್ರದಲ್ಲೇ ಬಂದಿದ್ದ. ಕೂರಲೂ ಆಗದೆ, ನಿಲ್ಲಲೂ ಆಗದೆ ಕಂಪ್ಯೂಟರ್ ಕೋಣೆಯೊಳಗೆ ಶತಪಥ ಹಾಕುತ್ತಿದ್ದ.

“ಅಪ್ಪಾ, ನೀನೂ ಬೇಡ ಅಂತಾನೇ ಕೈ ಎತ್ತೋದಾ?” ಕಂಪ್ಯೂಟರ್ ಮುಂದೆ ಕೂತಿದ್ದ ಮಗಳು ಕೇಳಿದಳು.

“ಮತ್ತಿನ್ನೇನು? ಪರದೆ ಮೇಲೆ ಬಣ್ಣದ ತುಂಡು ಜೋಡಿಸೋದೂ ಒಂದು ಪಾಠಾನಾ? ಮನೇಲಿ ಫೋನು, ಇಲ್ಲಿ ಇದು. ನಿಮ್ಮ ಟೀಚರ್‌ಗೆ ಚೆಲ್ಲಾಟ, ನಿನ್ನ ಗಣಿತಕ್ಕೆ ಪ್ರಾಣಸಂಕಟ.”

“ಕೇಳಿಸ್ತು ಅಣ್ಣಾ,” ಹಿಂದಿನಿಂದ ಟೀಚರ್ ನಕ್ಕರು. “ಮೊದಲು ನೋಡಿ, ಆಮೇಲೆ ಬೈಯಿರಿ.”

ಮಗಳು ಗುಂಡಿ ಒತ್ತಿದಳು. ಪರದೆಯ ಮೇಲೆ ನಾಲ್ಕು ರಸ್ತೆ ಕೂಡುವ ಜಾಗ. ಒಂದು ರಸ್ತೆಗೆ ಹಸಿರು ದೀಪ ಬಂತು; ಅಡ್ಡರಸ್ತೆಗೂ ಹಸಿರು. ಎರಡು ಪುಟ್ಟ ಬಸ್ಸುಗಳು ನಡುವೆ ಗುದ್ದಿಕೊಂಡವು.

“ಅಯ್ಯಯ್ಯೋ!” ಬ್ರೇಕ್ ಅಲ್ಲೇ ಇದೆಯೇನೋ ಎಂಬಂತೆ ಚಾಲಕನ ಬಲಗಾಲು ನೆಲ ಒತ್ತಿತು. “ಯಾರೇ ಇಟ್ಟಿದ್ದು ಈ ಸಿಗ್ನಲ್ಲು?”

“ನಾನೇ. ತಪ್ಪು ಎಲ್ಲಿದೆ ಅಂತ ಹುಡುಕ್ತಿದ್ದೀನಿ. ಪಾಠಾನೇ ನಿಂತ್ರೆ ಇದು ಹೀಗೇ ಇರುತ್ತೆ.”

ಪರದೆಯ ಬದಿಯಲ್ಲಿ ಒಂದೊಂದು ಬಣ್ಣದ ತುಂಡಿನ ಮೇಲೂ ಒಂದೊಂದು ಆದೇಶ ಬರೆದಿತ್ತು; ಅವಳು ‘ಕೆಂಪು ಹಾಕು’ ಎಂಬ ತುಂಡನ್ನು ಎಳೆದು, ಅಡ್ಡರಸ್ತೆಯ ‘ಹಸಿರು ಹಾಕು’ ತುಂಡಿನ ಮೇಲಕ್ಕೆ ಸೇರಿಸಿದಳು. ಈ ಸಲ ಮೊದಲ ರಸ್ತೆಗೆ ಕೆಂಪು ಬಂದ ಮೇಲೇ ಅಡ್ಡರಸ್ತೆಗೆ ಹಸಿರು. ಆದರೂ ದಾಟುತ್ತಿದ್ದ ಬಸ್ಸಿನ ಹಿಂಭಾಗಕ್ಕೆ ಇನ್ನೊಂದು ಗುದ್ದಿತು.

“ನಡುವೆ ಇರೋ ಗಾಡಿ ದಾಟ್ಬೇಡ್ವೇನೇ? ಸ್ವಲ್ಪ ಹೊತ್ತು ಎರಡೂ ಕಡೆ ಕೆಂಪೇ ಇರ್ಬೇಕು.” ಚಾಲಕ ಕುರ್ಚಿ ಎಳೆದುಕೊಂಡ.

“ಎಷ್ಟು ಹೊತ್ತು?”

“ರಸ್ತೆ ಎಷ್ಟು ಅಗಲ, ಗಾಡಿ ಎಷ್ಟು ವೇಗ, ನೋಡ್ಬೇಕು.”

“ಹಾಗಾದ್ರೆ ಅಗಲಾನ ವೇಗದಿಂದ ಭಾಗಿಸ್ತೀನಿ.”

“ಬಸ್ಸಿನ ಉದ್ದಾನೂ ಕೂಡಿಸ್ಕೊಳ್ಳೇ. ಬರೀ ಮೂತಿ ದಾಟಿದ್ರೆ ಸಾಕಾ?”

ಅವಳು ಲೆಕ್ಕ ಹಾಕಿ ‘ಇಷ್ಟು ಹೊತ್ತು ಕಾಯು’ ಎಂಬ ತುಂಡು ಸೇರಿಸಿದಳು. ಬಸ್ಸುಗಳು ಒಂದಾದ ಮೇಲೊಂದು ಸಲೀಸಾಗಿ ಸಾಗಿದವು.

ಚಾಲಕ ಪರದೆಯಿಂದ ಕಣ್ಣು ಕೀಳಲಿಲ್ಲ. “ಇದೂ ಗಣಿತಾನೇ ಅಲ್ವಾ... ಇದಕ್ಕೆ ದುಡ್ಡೆಷ್ಟು ಟೀಚರ್?”

“ಬಿಡಿಗಾಸೂ ಬೇಡ. ಇದು ಮುಕ್ತ ತಂತ್ರಾಂಶ. ಯಾರು ಬೇಕಾದ್ರೂ ಬಳಸಬಹುದು, ನಕಲು ಮಾಡಿ ಹಂಚಬಹುದು, ಒಳಗೆ ಹೇಗಿದೆ ಅಂತ ನೋಡಿ ತಿದ್ದಬಹುದು. ಈ ಹಳೇ ಕಂಪ್ಯೂಟರೇ ಸಾಕು. ಒಮ್ಮೆ ಹಾಕ್ಕೊಂಡ್ರೆ ಇಂಟರ್‌ನೆಟ್ಟೂ ಬೇಡ.”

“ಅಂದ್ರೆ ಬಾನೆಟ್ ಎತ್ತಿ ನೋಡೋಕೆ ಬಿಡ್ತಾರೆ ಅನ್ನಿ!”

ಸಭೆಯ ಗಂಟೆ ಹೊಡೆಯಿತು. ಸಭೆಯಲ್ಲಿ ಪಾಠ ಇರಲಿ ಎಂದು ಮೊದಲು ಎದ್ದ ಕೈ ಚಾಲಕನದು.

ಪೋಷಕರೇ, ನಿಮ್ಮ ಮಗುವಿನ ಶಾಲೆಯಲ್ಲಿ ಇಂಥ ಪಾಠ ಇದ್ದರೆ, ಆಟವೆಂದು ತಳ್ಳಿಹಾಕುವ ಮೊದಲು ಒಂದು ದಿನ ಹೋಗಿ ಮಗುವಿನ ಪಕ್ಕ ಕುಳಿತುಕೊಳ್ಳಿ. ಮಗು ತನ್ನ ತಪ್ಪನ್ನು ತಾನೇ ಹುಡುಕಿ, ತಾನೇ ತಿದ್ದುವುದನ್ನು ನೋಡಿ. ಪಾಠ ಇಲ್ಲವೇ? ಶುರು ಮಾಡುವಂತೆ ಮುಖ್ಯ ಶಿಕ್ಷಕರನ್ನು ಕೇಳಿ.

ಆ ಶಾಲೆಯಲ್ಲಿ ಪಾಠ ಉಳಿಯಿತು. ಮುಂದಿನ ವಾರ ಚಾಲಕನ ಮಗಳು ಪರದೆಯ ಮೇಲಿನ ಆ ರಸ್ತೆಯಲ್ಲಿ, ನಡೆದು ದಾಟುವವರಿಗೂ ಒಂದು ದೀಪ ಇಟ್ಟಳು.