ಬೇಲಿಯಾಚೆಯ ಗುಂಡಿ

ಮಸೂದಾಳಿಗೆ ಸ್ಮಶಾನದ ಬೇಲಿಯಾಚೆ ಗುಂಡಿ ತೋಡಿಸಿದರು.

ಬೇಲಿಯೊಳಗೆ ಅವಳ ಅಪ್ಪ ಯೂಸೆಫ್ ಮಲಗಿದ್ದಾನೆ. ಪಕ್ಕದಲ್ಲಿ ಜಾಗವೂ ಖಾಲಿಯಿದೆ. ಆದರೆ ಅವಳ ತಾಯಿ ಇಲ್ಲಿನ ಬರ್ಮಾದವಳು. ಬಾಗ್ದಾದಿನಿಂದ ಬಂದ ನಮ್ಮ ಹಿರಿಯರ ರಕ್ತ ಮಸೂದಾಳಲ್ಲಿ ಅರ್ಧವೇ ಅಂತೆ. ಚಿಕ್ಕ ಹುಡುಗಿಯಾಗಿದ್ದಾಗ ಅವಳನ್ನು ಶಾಸ್ತ್ರದಂತೆ ಹೊಳೆಯಲ್ಲಿ ಮುಳುಗಿಸಿ, ಇನ್ನು ನೀನು ನಮ್ಮವಳು ಎಂದಿದ್ದು ಇದೇ ಊರಿನ ಯಹೂದಿ ಹಿರಿಯರು. ಆ ಇರವಾಡಿ ಹೊಳೆಯ ನೀರು ಸಾಲಲಿಲ್ಲವೇನೋ.

ಶುಕ್ರವಾರ ಮಧ್ಯಾಹ್ನ, ಹೆಣ ತೊಳೆಯುವ ಕೋಣೆಯಲ್ಲಿ ನಾನು ಮತ್ತು ಖಾತೂನಕ್ಕ ಇದ್ದೆವು. ಇಷ್ಟು ವರ್ಷ ಮೂವರಿದ್ದೆವು. ನಮ್ಮ ಹೆಂಗಸರು ಯಾರೇ ಸತ್ತರೂ ತೊಳೆದು, ಜೇಬಿಲ್ಲದ ಬಿಳಿ ಅಂಗಿ ತೊಡಿಸಿ ಕಳಿಸುತ್ತಿದ್ದೆವು. ಅಂಗಿ ಹೊಲಿಯುತ್ತಿದ್ದವಳು ಮಸೂದಾ. ತನಗೂ ಒಂದು ಹೊಲಿದಿಟ್ಟಿದ್ದಳು. ಅದನ್ನೇ ಅವಳಿಗೆ ತೊಡಿಸಿದೆವು. ತೋಳು ಉದ್ದವಾಯಿತು.

"ನೋಡೇ ಹಬೀಬಾ, ತನ್ನದಕ್ಕೇ ಅಳತೆ ತಪ್ಪಿದ್ಲು," ಎಂದು ಖಾತೂನಕ್ಕ ನಕ್ಕಳು. ಆಮೇಲೆ ಗೋಡೆಗೆ ಮುಖ ಮಾಡಿ ಅತ್ತಳು.

ಹೊರಗಿನಿಂದ ಶೌಲ್ ಬಾಗಿಲು ಬಡಿದ. ಸಭಾಮಂದಿರದ ಯಜಮಾನಿಕೆ ಅವನದು. ನನ್ನ ಗಂಡನ ಅಣ್ಣ.

"ಇನ್ನೂ ಎಷ್ಟೊತ್ತು? ಹೊತ್ತು ಮುಳುಗಿದ್ರೆ ಸಬ್ಬತ್. ಆಮೇಲೆ ನಾಳೆ ರಾತ್ರಿವರೆಗೂ ಹೂಳೋ ಹಾಗಿಲ್ಲ."

"ಎಲ್ಲಿ ಹೂಳ್ತೀಯಪ್ಪಾ?" ಖಾತೂನಕ್ಕ ಕೇಳಿದಳು.

"ಆಗ್ಲೇ ಹೇಳಿದೀನಲ್ಲ."

"ನಿಮ್ಮಮ್ಮನ್ನ ತೊಳೆದ ಕೈ ಇವಳದು. ಅವತ್ತು ಎಲ್ಲಿತ್ತೋ ನಿನ್ನ ಬೇಲಿ?"

"ತೊಳೆಯೋಕೆ ಯಾರಾದ್ರೂ ಆಗ್ತಾರೆ ಖಾತೂನಮ್ಮ. ಪಕ್ಕದಲ್ಲಿ ಮಲಗಿಸೋದು ಬೇರೆ ಮಾತು."

ಒಂದೇ ಕೆಲಸ ಬಾಕಿಯಿತ್ತು. ತೊಳೆದವರು ಕೊನೆಗೆ ಸತ್ತವರ ಹೆಸರು ಹಿಡಿದು, ನಮ್ಮಿಂದ ನಿನಗೆ ಅವಮಾನವಾಗಿದ್ದರೆ ಕ್ಷಮಿಸು ಎಂದು ಕೇಳಬೇಕು. ಕೇಳಿದ ಮೇಲೆಯೇ ಹೆಣ ಹೊರಗೆ ಹೋಗುವುದು.

"ನಂಗೆ ಬಾಯೇ ಬರ್ತಿಲ್ಲ ಕಣೇ," ಎಂದಳು ಖಾತೂನಕ್ಕ. "ಅವಮಾನ ಮಾಡೋದು ಇನ್ನು ಮುಂದೆ. ಅದಕ್ಕೂ ಈಗ್ಲೇ ಕ್ಷಮಿಸಿಬಿಡು ಅನ್ನೋದಾ?"

ಶೌಲ್‌ಗೆ ಕೇಳಿಸಿತು. "ಹಬೀಬಾ, ನೀನಾದ್ರೂ ಹೇಳಿ ಮುಗಿಸು. ನಮ್ಮನೆ ಸೊಸೆ ನೀನು. ನಾಳೆ ನೀನು ಸತ್ರೆ ಎಲ್ಲಿಡ್ತಾರೆ ಅಂತ ಒಂಚೂರು ಯೋಚ್ನೆ ಮಾಡು."

ಯೋಚಿಸಿದೆ. ಹೂಳದೆ ಇಟ್ಟುಕೊಳ್ಳುವುದು ಪಾಪ. ಈ ಬೇಸಿಗೆಯಲ್ಲಿ ಭಾನುವಾರದ ಹೊತ್ತಿಗೆ ಅವಳ ಮೈ ಏನಾಗುತ್ತದೆಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಮಸೂದಾಳ ಮಗಳು ರೆಜೀನಾ ಹೊರಗೆ ಕಿಟಕಿಯ ಬಳಿ ನಿಂತಿದ್ದಳು. ನಾನು ಅವಳ ಮುಖ ನೋಡಿದೆ.

"ಅಮ್ಮ ತಾತನ ಹತ್ರಾನೇ ಹೋಗ್ಬೇಕು ಚಿಕ್ಕಮ್ಮ. ಅಲ್ಲೀವರ್ಗೂ ಕಾಯ್ತಾಳೆ," ಎಂದಳು. "ವಾಸನೆ ಬಂದ್ರೆ ಊರೆಲ್ಲ ಮೂಸ್ಲಿ."

ಶೌಲ್ ಮತ್ತೆ ಬಡಿದ. "ಹಬೀಬಾ! ಹೇಳ್ತೀಯೋ ಇಲ್ವೋ?"

ನಾನು ಅಗುಳಿ ಹಾಕಿದೆ.

"ಹೇಳಲ್ಲ ಭಾವ. ಬಾಗಿಲೂ ತೆಗೆಯಲ್ಲ."