ಮನೆ ತುಂಬಿದ ಕುಳ್ಳಿ

ತಳಿ ಕೇಂದ್ರದಲ್ಲಿ ಅಕ್ಕನ ಕೆಲಸವೆಂದರೆ ಭತ್ತಕ್ಕೆ ಸಂಬಂಧ ಕುದುರಿಸುವುದು. ಗಾಜಿನ ಮನೆಯಲ್ಲಿ ಕುಂಡಗಳ ಮುಂದೆ ಕುಳಿತು, ಚಿಮಟದಿಂದ ಒಂದು ತಳಿಯ ಹೂವಿನ ಕೇಸರ ಕಿತ್ತು, ಇನ್ನೊಂದರ ಪರಾಗವನ್ನು ಅದರ ಮೇಲೆ ಉದುರಿಸುತ್ತಿದ್ದಳು. ತನ್ನ ಮದುವೆಗೆ ಬಿಡುವಿಲ್ಲದವಳು ಊರ ಭತ್ತಕ್ಕೆಲ್ಲ ಮದುವೆ ಮಾಡಿಸುತ್ತಾಳೆ ಎಂದು ತಮ್ಮ ನಗುತ್ತಿದ್ದ.

ಹೀಗೆ ಹುಟ್ಟಿದ ಹೊಸ ತಳಿಯನ್ನು ಅವಳು ಅಪ್ಪನ ಗದ್ದೆಗೇ ತಂದಳು. ತಮ್ಮನ ಹೆಂಡತಿ ಬೀಜದ ಚೀಲವನ್ನು ಅನುಮಾನದಿಂದ ನೋಡಿದಳು.

"ಅತ್ತಿಗೆ, ಹೋದ ಸಲ ತಂದಿದ್ರಲ್ಲ, ಅದನ್ನ ಬೇಯಿಸಿದ್ರೆ ಗೋಡೆಗೆ ಕಾಗದ ಅಂಟಿಸ್ಬಹುದಿತ್ತು."

"ಇದು ಹಾಗಲ್ಲ ಕಣೇ, ನೋಡ್ತಿರು!"

ಪೈರು ಬೆಳೆದಾಗ ಅಪ್ಪ ಮೂಗು ಮುರಿದರು. "ಭತ್ತ ಅಂದ್ರೆ ಎದೆಮಟ್ಟ ಬರ್ಬೇಕು. ಇದೇನು, ಮಂಡಿ ದಾಟಿದ್ದೇ ನಿಂತುಬಿಡ್ತು. ಕುಳ್ಳಿ!"

"ಎತ್ತರಕ್ಕೆ ಹೋಗೋ ಶಕ್ತಿ ಕಾಳಿಗೆ ಹೋಗುತ್ತೆ ಅಪ್ಪ. ತೆನೆ ಎಷ್ಟೇ ಭಾರ ಆದ್ರೂ ಬೀಳಲ್ಲ."

"ಬಾಯಿಗೆ ಸಕ್ಕರೆ ಹಾಕ. ಆದ್ರೂ ಅರ್ಧ ಗದ್ದೇಲಿ ನನ್ನ ಹಳೇದನ್ನೇ ಹಾಕಿದ್ದು ಒಳ್ಳೇದಾಯ್ತು" ಎಂದು ಅವರು ಪಟ್ಟು ಸಡಿಲಿಸಲಿಲ್ಲ.

ಕೊಯ್ಲು ಹತ್ತಿರವಾದಾಗ ಬಿರುಗಾಳಿ ಬೀಸಿತು. ಬೆಳಗ್ಗೆ ಎಲ್ಲರೂ ಎದ್ದುಬಿದ್ದು ಗದ್ದೆಗೆ ಹೋದರು. ಅಪ್ಪನ ಎತ್ತರದ ಭತ್ತ ಚಾಪೆ ಹಾಸಿದಂತೆ ನೀರಿನಲ್ಲಿ ಮಲಗಿತ್ತು. ಪಕ್ಕದಲ್ಲೇ ಕುಳ್ಳಿ, ತೆನೆಯ ಭಾರಕ್ಕೆ ತುಸು ತಲೆ ಬಾಗಿಸಿ, ಗಾಳಿಯ ಸುದ್ದಿಯೇ ಗೊತ್ತಿಲ್ಲದವರ ಹಾಗೆ ನಿಂತಿತ್ತು. ಅಕ್ಕ ಬದುವಿನ ಮೇಲೆ ಕೂಗುತ್ತಾ ಓಡಿದಳು, ಜಾರಿ ಕೆಸರಿಗೆ ಬಿದ್ದಳು, ಎದ್ದು ಮತ್ತೆ ಓಡಿದಳು.

"ಕುಳ್ಳಿ ಬೀಳ್ಲಿಲ್ಲ ಅಕ್ಕ, ಬಿದ್ದಿದ್ದು ನೀನೊಬ್ಳೇ!" ಎಂದ ತಮ್ಮ.

ಪೆಚ್ಚುಮೋರೆ ಹಾಕಿಕೊಂಡಿದ್ದ ಅಪ್ಪನಿಗೂ ನಗು ತಡೆಯಲಾಗಲಿಲ್ಲ.

ಒಕ್ಕಣೆ ಮುಗಿದಾಗ ಪ್ರತಿ ವರ್ಷ ಇಡೀ ಗದ್ದೆ ಕೊಡುತ್ತಿದ್ದುದಕ್ಕಿಂತ ಹೆಚ್ಚು ಕಾಳು ಅರ್ಧ ಗದ್ದೆಯಲ್ಲೇ ಬಂದಿತ್ತು. ರಾಶಿಯನ್ನು ನೋಡುತ್ತಾ ನಿಂತಿದ್ದಂತೆಯೇ ಮೋಡ ಕವಿಯಿತು. ಇಟ್ಟುಕೊಳ್ಳುವುದೆಲ್ಲಿ? ಕಣಜ ತುಂಬಿತು, ಅಟ್ಟ ತುಂಬಿತು. ಸ್ನಾನದ ತೊಟ್ಟಿಗೆ ಸುರಿದರು, ಅಪ್ಪನ ಮಂಚದ ಮೇಲೆ ಸುರಿದರು. ಹಿತ್ತಲ ಬಾಗಿಲಿಗೆ ಮೂಟೆ ಒಟ್ಟಿ, ಮುಂಬಾಗಿಲು ಮುಚ್ಚಿ, ಮಿಕ್ಕದ್ದನ್ನು ಅದಕ್ಕೇ ಒರಗಿಸಿ ಗುಡ್ಡೆ ಹಾಕಿದರು. ಮಳೆ ಧೋ ಎಂದಿತು. ಆಗ ತಮ್ಮನ ಹೆಂಡತಿ ಮೆಲ್ಲಗೆ ಕೇಳಿದಳು:

"ಅಲ್ಲಾ, ನಾವು ಹೊರಗೆ ಹೋಗೋದು ಹೇಗೆ?"

ನಾಲ್ವರೂ ಎರಡು ಬಾಗಿಲುಗಳತ್ತ ತಿರುಗಿ ನೋಡಿದರು. ಅಕ್ಕ ಹೊಟ್ಟೆ ಹಿಡಿದುಕೊಂಡು ನಗುತ್ತಾ ಭತ್ತದ ಮೇಲೇ ಕುಸಿದಳು.

ಮಳೆ ನಿಲ್ಲುತ್ತಲೇ ಬಾಗಿಲು ಬಡಿದ ಸದ್ದು. ಇಳುವರಿ ನೋಡಲು ತಳಿ ಕೇಂದ್ರದ ಮೇಲಧಿಕಾರಿ ಬಂದಿದ್ದರು. ದೊಡ್ಡ ಹೊಟ್ಟೆಯ, ಸಣ್ಣ ದನಿಯ ಮನುಷ್ಯ.

"ಸರ್, ಬಾಗಿಲು ತೆಗೆಯೋಕಾಗಲ್ಲ. ಕಿಟಕೀಗೆ ಸರಳಿಲ್ಲ, ಅಲ್ಲಿಂದ್ಲೇ ಬನ್ನಿ!" ಎಂದು ಅಕ್ಕ ಕೂಗಿದಳು.

ಹೊಟ್ಟೆ ಕಿಟಕಿಯಲ್ಲಿ ಸಿಕ್ಕಿಕೊಂಡಿತು. ಒಳಗಿನಿಂದ ಅಪ್ಪ, ತಮ್ಮ ಎಳೆದರು; ಹೊರಗಿನಿಂದ ಕಾರಿನ ಚಾಲಕ ನೂಕಿದ. ಬಿರಡೆ ಕಿತ್ತಂತೆ ಬಂದ ಅಧಿಕಾರಿ ಭತ್ತದ ಗುಡ್ಡೆಯ ಮೇಲೆ ಜರ್ರೆಂದು ಜಾರಿ ಅಡಿಗೆಮನೆಯ ಹೊಸ್ತಿಲಿಗೇ ಬಂದು ಕುಳಿತರು. ಗಿರಣಿಯಲ್ಲಿ ಮೊದಲೇ ಮಾಡಿಸಿಟ್ಟಿದ್ದ ಒಂದಿಷ್ಟು ಹೊಸ ಅಕ್ಕಿ ಒಲೆಯ ಮೇಲೆ ಬೆಂದಿತ್ತು. ಅಕ್ಕ ಒಲೆಯ ಹತ್ತಿರ ಸರಿದಳು. ತಮ್ಮನ ಹೆಂಡತಿ ಮುಚ್ಚಳ ತೆಗೆದು ಸೌಟು ಆಡಿಸಿದಳು. ಅನ್ನ ಮಲ್ಲಿಗೆಯಂತೆ ಬಿಡಿಬಿಡಿಯಾಗಿ ಉದುರಿತು.

"ಅತ್ತಿಗೆ!" ಎಂದು ಚೀರಿ ಸೌಟು ಹಿಡಿದೇ ಅವಳನ್ನು ತಬ್ಬಿಕೊಂಡಳು.

ಅಧಿಕಾರಿ ಎರಡು ಸಲ ಬಡಿಸಿಕೊಂಡರು. ಮುಂದಿನ ಹಂಗಾಮಿಗೆ ಇದೇ ಬೀಜವನ್ನು ಸುತ್ತಲಿನ ಊರುಗಳಿಗೆಲ್ಲ ಕೊಡೋಣ ಎಂದರು. ಅಷ್ಟರಲ್ಲಿ ಸುದ್ದಿ ಹಬ್ಬಿ ನೆರೆಯವರು ಕಿಟಕಿಯ ಹೊರಗೆ ಸಾಲುಗಟ್ಟಿದ್ದರು. ಅಪ್ಪ ಒಳಗಿನಿಂದಲೇ ಬೊಗಸೆ ಬೊಗಸೆ ಬೀಜ ಚಾಚುತ್ತಾ, "ನಮ್ಮ ಹುಡುಗಿ ಮಾಡಿದ್ದು! ನಮ್ಮ ಹುಡುಗಿ!" ಎಂದು ಕೂಗುತ್ತಿದ್ದರು.