ಗೋಡೆಯ ಫೋಟೊ ಯಾರಿಗೆ?

ಮಗಳು ಫೋನನ್ನು ಬೋರಲು ಹಾಕತೊಡಗಿದ ದಿನದಿಂದ ಟೈಲರಮ್ಮನ ತಲೆಗೆ ಅನುಮಾನದ ಹುಳು ಹೊಕ್ಕಿತು. ಊಟದ ತಟ್ಟೆಯ ಪಕ್ಕ ಫೋನು ಮೊದಲೂ ಇರುತ್ತಿತ್ತು. ಈಗ ಅಮ್ಮ ಹತ್ತಿರ ಬಂದರೆ ಸಾಕು, ಮಕಾಡೆ ಮಲಗುತ್ತಿತ್ತು. ಹುಡುಗಿ ಕಾಲೇಜು ಸೇರಿ ಎಂಟು ತಿಂಗಳು. ವಾರಕ್ಕೆ ಮೂರು ದಿನ ತಲೆನೋವು, ಕಣ್ಣ ಕೆಳಗೆ ಕಪ್ಪು, ಪರೀಕ್ಷೆಯಲ್ಲಿ ಎರಡು ವಿಷಯ ಕೈಕೊಟ್ಟಿದ್ದವು. ಏನಾಯ್ತು ಎಂದರೆ "ಏನಿಲ್ಲಮ್ಮ". ಇನ್ನೊಂದು ಸಲ ಕೇಳಿದರೆ ಮೈಮೇಲೇ ಬೀಳುತ್ತಿದ್ದಳು.

ಏನಿಲ್ಲ ಅಂದರೆ ಏನೋ ಇದೆ. ಯಾವನೋ ಇದ್ದಾನೆ ಎಂದು ಅಮ್ಮ ತೀರ್ಮಾನಿಸಿಬಿಟ್ಟಳು.

ಹೊಲಿಗೆ ಮೆಷಿನ್ ಮುಂದೆ ಕೂತೇ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದಳು. ಬಟ್ಟೆಯ ಮೇಲೆ ಕತ್ತರಿ ಹೋಗುವ ದಾರಿ ನೋಡಿ ಪಳಗಿದ ಕಣ್ಣು ಅದು. ಫೋನಿನ ಬೀಗ ತೆಗೆಯಲು ಮಗಳ ಬೆರಳು ಹೋಗುವ ದಾರಿಯನ್ನು ನಾಲ್ಕೇ ದಿನದಲ್ಲಿ ಕಲಿತುಕೊಂಡಿತು. ಒಂದು ಬೆಳಿಗ್ಗೆ ಮಗಳು ಸ್ನಾನಕ್ಕೆ ಹೋದಾಗ ಅಮ್ಮ ಫೋನ್ ತೆರೆದಳು.

ಹುಡುಗನ ಮುಖ ಸಿಗಲಿಲ್ಲ. ಸಿಕ್ಕಿದ್ದು ಗೋಡೆಯ ಮೂಲೆ, ಫ್ಯಾನಿನ ರೆಕ್ಕೆ, ಬಾಗಿಲ ಚಿಲಕ, ಹೊಲಿಗೆ ಮೆಷಿನ್ನಿನ ಚಕ್ರ, ಅದರ ಪಕ್ಕ ಅಮ್ಮನದೇ ಅರ್ಧ ಮೊಣಕೈ. ಯಾರಿಗೋ ಕಳಿಸಿದ ನೂರಾರು ಫೋಟೊ. ಜೊತೆಗೆ ಒಂದೇ ಒಂದು ಮಾತಿಲ್ಲ. ಈ ಮನೆಯ ಚಿಲಕ ಎಲ್ಲಿದೆ ಎಂದು ತಿಳಿದು ಯಾರಿಗೆ ಏನಾಗಬೇಕು?

ಅಂದು ಮಧ್ಯಾಹ್ನ ಮನೆಯ ಮುಂಭಾಗದಲ್ಲೇ ಇದ್ದ ಅವಳ ಹೊಲಿಗೆ ಅಂಗಡಿಗೆ ಸೂಜಿ ಸಿಸ್ಟರ್ ಬಂದರು. ಆರೋಗ್ಯ ಕೇಂದ್ರದ ನರ್ಸ್ ಅವರು. ಬೀದಿಯ ಮಕ್ಕಳಿಗೆಲ್ಲ ಲಸಿಕೆ ಹಾಕಿ ಹಾಕಿ ಆ ಹೆಸರು ಬಂದಿತ್ತು. ತಮ್ಮ ಬಿಳಿ ಕೋಟನ್ನು ಸ್ವಲ್ಪ ಸಡಿಲ ಮಾಡಿಸಬೇಕಿತ್ತು.

"ಹೋದ ಸಲ ಬಿಗಿ ಮಾಡು ಅಂದ್ರಲ್ಲ ಅಕ್ಕಾ?"

"ಆಗ ಸಣ್ಣ ಆಗ್ತೀನಿ ಅನ್ನೋ ನಂಬಿಕೆ ಇತ್ತು ಕಣೇ. ಅದಿರಲಿ, ನಿನ್ ಮುಖ ಯಾಕೆ ಹೀಗಿದೆ?"

ಟೈಲರಮ್ಮ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದಳು. "ಯಾರೋ ನನ್ ಮಗಳ ಕೈಲಿ ಮನೆ ಮೂಲೆಮೂಲೆ ಫೋಟೊ ತೆಗೆಸ್ಕೋತಿದಾರೆ."

"ಗೋಡೆ, ಫ್ಯಾನು, ನೆಲ, ಹೀಗೆ ದಿನಾ ಒಂದೊಂದಾ?"

"ನಿಮಗೆ ಹೇಗೆ ಗೊತ್ತು?" ಅನುಮಾನ ಒಂದು ಗಳಿಗೆ ಸಿಸ್ಟರ್ ಮೇಲೂ ಕೂತು ಎದ್ದಿತು.

"ಕಾಲೇಜಿಗೆ ತಪಾಸಣೆಗೆ ಹೋಗ್ತೀನಲ್ಲ, ಮಕ್ಕಳೇ ಹೇಳಿದ್ದು. ಸ್ನೇಹಿತರಿಗೆ ದಿನಾ ಒಂದು ಫೋಟೊ ಕಳಿಸಬೇಕಂತೆ. ಎಷ್ಟು ದಿನ ಬಿಡದೆ ಕಳಿಸಿದ್ರು ಅಂತ ಫೋನು ಎಣಿಸುತ್ತೆ. ಒಂದು ದಿನ ತಪ್ಪಿದ್ರೆ ಮತ್ತೆ ಸೊನ್ನೆ. ಓದುವಾಗ, ಉಣ್ಣುವಾಗ, ಮಲಗಿದ ಮೇಲೂ ಜೀವ ಅದರಲ್ಲೇ. ನಿದ್ದೆ ಕೆಟ್ಟರೆ ತಲೆನೋವು ಬರದೆ ಇರುತ್ತಾ?"

"ಸುಮ್ನಿರಿ ಅಕ್ಕಾ. ಯಾರೂ ಇಲ್ಲದೆ ಬರೀ ಒಂದು ಅಂಕಿಗೋಸ್ಕರ ನಿದ್ದೆ ಕೆಡಿಸ್ಕೋತಾರಾ? ಒಬ್ಬ ಇದಾನೆ. ನೀವು ಅವಳ ಪರ ಮಾತಾಡ್ತಿದೀರಿ."

ಬಾಗಿಲಲ್ಲಿ ಮಗಳು ನಿಂತಿದ್ದಳು. "ನನ್ ಫೋನ್ ನೋಡಿದ್ಯಾ ಅಮ್ಮ?"

"ನೋಡಿದೆ. ಯಾರವನು?"

ಮಗಳ ಮುಖ ಕೆಂಪಾಯಿತು. ಫೋನ್ ತೆರೆದು ಹೊಲಿಗೆ ಮೆಷಿನ್ ಮೇಲೆ ಇಟ್ಟಳು. "ನೀನೇ ಹುಡುಕು. ಇಪ್ಪತ್ತಮೂರು ಜನ, ಎಲ್ಲ ಹುಡುಗೀರೇ. ನನಗೂ ಸಾಕಾಗಿದೆ. ನಿಲ್ಲಿಸಿದ್ರೆ ಒಬ್ಬೊಬ್ಬರೇ ಬಿಟ್ಟುಹೋಗ್ತಾರೆ ಅಂತ ಭಯ."

ಹೆಸರುಗಳ ಸಾಲಿನ ಮೊದಲಲ್ಲಿ 'ಉದ್ದಜಡೆ' ಎಂಬ ಅಡ್ಡಹೆಸರಿನ ಗೆಳತಿ ಇದ್ದಳು. ಹತ್ತು ವರ್ಷ ಇವಳ ಜೊತೆ ಒಂದೇ ಬೆಂಚಿನಲ್ಲಿ ಕೂತವಳು, ಈಗ ಬೇರೆ ಕಾಲೇಜು. ಹೆಸರಿನ ಮುಂದೆ ಇನ್ನೂರ ಹದಿನಾಲ್ಕು ದಿನ ಎಂದಿತ್ತು.

"ಇವಳು ಹೇಗಿದಾಳೆ?" ಎಂದರು ಸಿಸ್ಟರ್.

"ಚೆನ್ನಾಗೇ ಇರ್ತಾಳೆ. ದಿನಾ ಕಳಿಸ್ತಾಳಲ್ಲ."

"ಕಳಿಸೋದಲ್ಲಮ್ಮ, ಮಾತಾಡಿ ಎಷ್ಟು ದಿನ ಆಯ್ತು?"

ಹುಡುಗಿ ಬೆರಳು ಮಡಿಚಿ ಎಣಿಸಲು ಹೋಗಿ ಅರ್ಧಕ್ಕೇ ಬಿಟ್ಟಳು.

"ಇವತ್ತು ಏನು ಕಳಿಸಿದಾಳೆ, ತೆಗಿ."

ಒಂದು ಚಾವಣಿ. ಮಗಳು ಅಭ್ಯಾಸಬಲದಿಂದ ಸರಿಸಲು ಹೋದಳು. ಸಿಸ್ಟರ್ ಅವಳ ಕೈ ಹಿಡಿದು, ಕನ್ನಡಕ ಏರಿಸಿದರು. "ಇದು ಮನೆ ಅಲ್ಲ. ನೋಡು, ಹಾಸಿಗೆ ಸುತ್ತ ಪರದೆ ಎಳೆಯೋ ಕಂಬಿ. ಇದು ಡ್ರಿಪ್ ಬಾಟಲಿ ತೂಗುಹಾಕೋ ಕೊಕ್ಕೆ. ಆಸ್ಪತ್ರೆ ವಾರ್ಡು ಇದು."

ಎಷ್ಟೋ ತಿಂಗಳಾದ ಮೇಲೆ ಮೊದಲ ಸಲ ಮಗಳು ಗೆಳತಿಗೆ ಕರೆ ಮಾಡಿದಳು. ಆಚೆಯ ದನಿ ಎಲ್ಲರಿಗೂ ಕೇಳುತ್ತಿತ್ತು.

"ಅಪ್ಪ ಮೆಟ್ಟಿಲಿಂದ ಬಿದ್ರು ಕಣೇ. ಒಂಬತ್ತು ದಿನದಿಂದ ನಾನೇ ಇಲ್ಲಿದೀನಿ. ದಿನಾ ಕಳಿಸ್ತಿದ್ನಲ್ಲ, ನೀನಾದ್ರೂ ಕೇಳ್ತೀಯ ಅಂತಿದ್ದೆ. ನೋಡಿರ್ಲಿಲ್ವಾ?"

"ತೆರೆದಿದ್ದೆ," ಎಂದಳು ಮಗಳು. "ನೋಡಿರ್ಲಿಲ್ಲ."

ಟೈಲರಮ್ಮ ಎದ್ದು ಅಂಗಡಿಯ ಶಟರ್ ಎಳೆದಳು. "ನಡಿ, ಆಸ್ಪತ್ರೆಗೆ ಹೋಗೋಣ. ಯಾವನೋ ಇದಾನೆ ಅಂತ ತಿಂಗಳು ಪೂರ್ತಿ ಹುಡುಕ್ದೆ. ನೀನು ಮಲಗಿದ್ಯಾ ಅಂತ ಒಂದಿನ ಕೇಳ್ಲಿಲ್ಲ. ಕದ್ದು ನೋಡಿದ್ದು ನನ್ ತಪ್ಪು."

"ಇವತ್ತಿಂದ ಮಲಗೋ ಕೋಣೆಗೆ ಫೋನ್ ಬೇಡ," ಎಂದರು ಸಿಸ್ಟರ್. "ಊಟದ ಹೊತ್ತಿಗೂ ಬೇಡ. ನಿನ್ನದೂ ಸೇರಿ ಟೈಲರಮ್ಮ."

"ನನ್ನದೂನಾ? ಗಿರಾಕಿಗಳು?"

"ನಿನ್ ಊಟ ಮುಗಿಯೋವರೆಗೆ ಅವರೇನು ಬಟ್ಟೆ ಇಲ್ಲದೆ ನಿಂತಿರಲ್ಲ ಬಿಡು."

ವಾರ್ಡಿನ ಹೊರಗಿನ ಬೆಂಚಿನಲ್ಲಿ ಇಬ್ಬರು ಹುಡುಗಿಯರು ಕತ್ತಲಾಗುವವರೆಗೆ ಮಾತಾಡಿದರು. ಆ ದಿನ ಮಗಳು ಯಾರಿಗೂ ಫೋಟೊ ಕಳಿಸಲಿಲ್ಲ. ಮರುದಿನ ಎಲ್ಲ ಅಂಕಿಗಳೂ ಸೊನ್ನೆ. ಮೂವರು ಕರೆ ಮಾಡಿ "ಏನಾಯ್ತೇ, ಹುಷಾರಿದೀಯಾ?" ಎಂದು ಕೇಳಿದರು. ಉಳಿದವರಿಗೆ ಗೊತ್ತೇ ಆಗಲಿಲ್ಲ. ಆ ಮೂವರನ್ನು ಮಗಳು ಭಾನುವಾರ ಮನೆಗೆ ಕರೆದಳು.

ಅಪ್ಪ ಅಮ್ಮಂದಿರೇ, ದುಡಿದು ಬಂದು ಸೋತ ಕೈಗೆ ಮಕ್ಕಳ ಫೋನ್ ಕಸಿಯುವುದು ಸುಲಭ, ಪಕ್ಕ ಕೂತು ಕೇಳುವುದು ಕಷ್ಟ. ಆದರೂ ಕೇಳಿ. "ಯಾರವನು" ಎಂದಲ್ಲ, "ನಿದ್ದೆ ಬಂತಾ, ತಲೆ ನೋಯ್ತಿದೆಯಾ" ಎಂದು. ತಲೆನೋವು, ನಿದ್ದೆಗೇಡು, ಸಿಡಿಮಿಡಿ ಬಿಡದಿದ್ದರೆ ಹತ್ತಿರದ ಆರೋಗ್ಯ ಕೇಂದ್ರಕ್ಕೆ ಕರೆದೊಯ್ಯಿರಿ, ನಾಚಿಕೆ ಬೇಡ. ಮಕ್ಕಳೇ, ಇವತ್ತು ನಿಮಗೆ ಬಂದ ಫೋಟೊಗಳಲ್ಲಿ ಒಂದನ್ನಾದರೂ ಸರಿಸದೆ ನೋಡಿ. ಕಳಿಸಿದವರಿಗೆ ಕರೆ ಮಾಡಿ, "ಎಲ್ಲಿದೀಯ?" ಎಂದು ಕೇಳಿ. ಆ ಕಡೆ ಯಾರೋ ಅದಕ್ಕೇ ಕಾಯುತ್ತಿರಬಹುದು.